ತಲೆ ಎಣಿಸುವ ಸರ್ಕಾರ, ನರೆಯುತ್ತಿರುವ ಮಲೆನಾಡು

2001 ಮತ್ತು 2011ರ ಜನಗಣತಿಗಳ ನಡುವಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಹೆಚ್ಚಿತು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ 47ರಷ್ಟು ಏರಿ, 65 ಲಕ್ಷದಿಂದ 96 ಲಕ್ಷಕ್ಕೆ ಮುಟ್ಟಿತು. ಅದೇ ಅವಧಿಯಲ್ಲಿ ರಾಜ್ಯದ ಒಂದು ಜಿಲ್ಲೆಯ ಜನಸಂಖ್ಯೆ ಮಾತ್ರ ಇದ್ದದ್ದಕ್ಕಿಂತ ಕಡಿಮೆಯಾಯಿತು. ಅದು ಚಿಕ್ಕಮಗಳೂರು. ಅಲ್ಲಿನ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಕಾಫಿ ಸೀಮೆಯ ಇನ್ನೊಂದು ಜಿಲ್ಲೆಯಾದ ಕೊಡಗಿನ ಬೆಳವಣಿಗೆ ಶೇ 1ರ ಆಸುಪಾಸಿನಲ್ಲೇ ನಿಂತಿತು. ಜನಸಂಖ್ಯಾ ಸ್ಫೋಟವೆಂಬ ಮಾತನ್ನು ಶಾಲೆಯಿಂದಲೂ ಕೇಳುತ್ತಾ ಬೆಳೆದ ನಮ್ಮ ತಲೆಮಾರಿಗೆ ಈ ಸುದ್ದಿ ಅಷ್ಟಾಗಿ ತಟ್ಟಲಿಲ್ಲ. ಮೂರು ಸಾವಿರಕ್ಕಿಂತ ಕಡಿಮೆಯ ಇಳಿಕೆಯನ್ನು ಯಾರು ಗಮನಿಸುತ್ತಾರೆ?

ಆದರೆ ಇದು ಒಂದು ಜಿಲ್ಲೆಯ ಆಕಸ್ಮಿಕವಾಗಿರಲಿಲ್ಲ. ಪಶ್ಚಿಮ ಘಟ್ಟದ ನಕ್ಷೆಯನ್ನು ಮುಂದಿಟ್ಟುಕೊಂಡು ಉತ್ತರದಿಂದ ದಕ್ಷಿಣಕ್ಕೆ ಬೆರಳಾಡಿಸಿದರೆ ಅದೇ ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ಆ ಹತ್ತು ವರ್ಷಗಳಲ್ಲಿ ಮಹಾರಾಷ್ಟ್ರದ ರತ್ನಾಗಿರಿಯ ಜನಸಂಖ್ಯೆ ಶೇ 4.8ರಷ್ಟು, ಸಿಂಧುದುರ್ಗದ್ದು ಶೇ 2ಕ್ಕೂ ಹೆಚ್ಚು ಕುಸಿಯಿತು. ತಮಿಳುನಾಡಿನ ನೀಲಗಿರಿ 7.62 ಲಕ್ಷದಿಂದ 7.35 ಲಕ್ಷಕ್ಕೆ ಇಳಿಯಿತು. ಕೇರಳದ ಇಡುಕ್ಕಿ ಮತ್ತು ಪತ್ತನಂತಿಟ್ಟ ಜಿಲ್ಲೆಗಳೂ ಹಿಂದೆ ಸರಿದವು. ದೂರದ ಹಿಮಾಲಯದಲ್ಲಿ ಅಲ್ಮೋರಾ ಮತ್ತು ಪೌರಿ ಗಢವಾಲ್ ಜಿಲ್ಲೆಗಳದ್ದೂ ಇದೇ ಪಾಡು. ಉತ್ತರಾಖಂಡ ಸರ್ಕಾರ ವಲಸೆಯ ಅಧ್ಯಯನಕ್ಕೆಂದೇ 2017ರಲ್ಲಿ ಒಂದು ಆಯೋಗ ರಚಿಸಿತು. 2011ರ ನಂತರ ರಾಜ್ಯದ 734 ಗ್ರಾಮಗಳು ಸಂಪೂರ್ಣ ನಿರ್ಜನವಾಗಿವೆ ಎಂದು ಆ ಆಯೋಗ 2018ರಲ್ಲಿ ವರದಿ ಕೊಟ್ಟಿತು.

ಚಿಕ್ಕಮಗಳೂರಿನ ಇಳಿಕೆಗೆ ಕೆಲವು ನಿರ್ದಿಷ್ಟ ಕಾರಣಗಳೂ ಇದ್ದವು, ನಿಜ. 2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ನೆಲಕಚ್ಚಿತ್ತು. ಶೃಂಗೇರಿ, ಕೊಪ್ಪ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ತಿನ್ನುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಯಲ್ಲಿ ಕುದುರೆಮುಖದ ಗಣಿಗಾರಿಕೆ ನಿಂತು, ಅದನ್ನೇ ನಂಬಿದ್ದ ಪಟ್ಟಣ ಬರಿದಾಯಿತು. ಆದರೆ ಕಾಫಿಗೆ, ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲೂ ಹೋದವರು ಹಿಂದಿರುಗಲಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆ 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ದಿನವನ್ನಾಗಿ ಗೊತ್ತುಪಡಿಸಿದೆ. ಆ ಗಣತಿಯ ಅಂಕಿಗಳು ಹೊರಬಿದ್ದಾಗ ಮಲೆನಾಡಿನ ಹಲವು ಹೋಬಳಿಗಳು ಇನ್ನಷ್ಟು ಕುಗ್ಗಿರುವುದನ್ನು ನೋಡಬೇಕಾದೀತು ಎಂಬುದು ನನ್ನ ಊಹೆ.

ಜನ ಕಡಿಮೆಯಾಗುವುದೇ ಅನಾಹುತವೆಂದು ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಜನಸಂಖ್ಯೆ ಸ್ಥಿರವಾಗಿ ನಿಲ್ಲಬೇಕಾದರೆ ಅದು 2.1ರ ಸುತ್ತಮುತ್ತ ಇರಬೇಕು. ಹೆಣ್ಣುಮಕ್ಕಳು ಓದಿದ್ದರಿಂದ, ಹುಟ್ಟಿದ ಮಕ್ಕಳು ಬದುಕುಳಿಯತೊಡಗಿದ್ದರಿಂದ, ಎಷ್ಟು ಮಕ್ಕಳಿರಬೇಕೆಂಬ ತೀರ್ಮಾನ ತಕ್ಕಮಟ್ಟಿಗಾದರೂ ತಾಯಂದಿರ ಕೈಗೆ ಬಂದದ್ದರಿಂದ ಸಾಧ್ಯವಾದ ಬದಲಾವಣೆ ಅದು. ಮಲೆನಾಡು ಈ ದಾರಿಯಲ್ಲಿ ಉಳಿದ ಜಿಲ್ಲೆಗಳಿಗಿಂತ ಮುಂದೆಯೇ ನಡೆಯಿತು. ಮುಪ್ಪು ಬರುವುದೂ ದುರಂತವಲ್ಲ. ರಾಜ್ಯದಲ್ಲಿ ಅರವತ್ತು ದಾಟಿದವರ ಪ್ರಮಾಣ 2001ರಲ್ಲಿ ಶೇ 7.7 ಇದ್ದದ್ದು 2011ರಲ್ಲಿ ಶೇ 9.5 ಆಯಿತೆಂದರೆ ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ ಎಂದೂ ಅರ್ಥ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಜನ ಕಡಿಮೆಯಾದ, ಉಳಿದವರಿಗೆ ವಯಸ್ಸಾದ ಊರಿನೊಂದಿಗೆ ನಮ್ಮ ಆಡಳಿತ ಹೇಗೆ ನಡೆದುಕೊಳ್ಳುತ್ತಿದೆ?

ನನ್ನ ಹುಟ್ಟೂರು ಕೊಪ್ಪ ಸೀಮೆಯ ಒಳಗಿದೆ. ಮಲೆನಾಡಿನ ಊರೆಂದರೆ ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಒಂದು ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ತೋಟ, ಮೇಲೆ ಸೊಪ್ಪಿನ ಬೆಟ್ಟ. ಹಳ್ಳ ದಾಟಿ ಅರ್ಧ ಮೈಲಿ ನಡೆದರೆ ಇನ್ನೊಂದು ಮನೆ. ಆ ಮನೆಗಳ ಪೈಕಿ ಐವತ್ತು ವರ್ಷದೊಳಗಿನವರು ಕಾಯಂ ಆಗಿ ಇರುವ ಮನೆಗಳನ್ನು ಈಗ ಬೆರಳಲ್ಲಿ ಎಣಿಸಬಹುದು. ಉಳಿದ ಕಡೆಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಅಥವಾ ಅವರಲ್ಲಿ ಒಬ್ಬರೇ. ಗದ್ದೆಗಳು ಹಡ್ಲು ಬಿದ್ದಿವೆ, ಇಲ್ಲವೇ ಅಡಿಕೆ ತೋಟಗಳಾಗಿವೆ. ಕೈಲಾಗದವರು ತೋಟದ ಫಸಲನ್ನು ಚೇಣಿಗೆ ಕೊಟ್ಟು ಬಂದಷ್ಟು ಹಣಕ್ಕೆ ತೃಪ್ತರಾಗುತ್ತಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಸಿಗದೆ ಹೋದರೆ ಆ ವರ್ಷದ ಫಸಲು ನೆಲಕ್ಕೆ. ಈಚೆಗೆ ಉದ್ದದ ದೋಟಿಗಳು ಬಂದು ನೆಲದಲ್ಲೇ ನಿಂತು ಔಷಧಿ ಹೊಡೆಯುವುದು, ಕೊನೆ ಕೊಯ್ಯುವುದು ಸಾಧ್ಯವಾಗಿದೆ. ಆದರೆ ದೋಟಿ ಹಿಡಿಯುವುದಕ್ಕೂ ಗಟ್ಟಿ ರಟ್ಟೆ ಬೇಕಲ್ಲ!

ಹೋದವರು ಏಕೆ ಹೋದರು ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅವರ ಮಕ್ಕಳು ಶಾಲೆ ಸೇರಿದರು. ಎರಡೆಕರೆ ತೋಟ ಮೂವರು ಮಕ್ಕಳಿಗೆ ಹಿಸ್ಸೆಯಾದರೆ ಯಾರ ಹೊಟ್ಟೆಯೂ ತುಂಬದೆಂದು ಅರಿತ ತಂದೆಯೇ ಮಕ್ಕಳನ್ನು ಓದಿಸಿ ಹೊರಗೆ ಕಳಿಸಿದ. ತೊಂಬತ್ತರ ದಶಕದ ನಂತರ ಬೆಂಗಳೂರು ಅವರನ್ನು ಕೈಬೀಸಿ ಕರೆಯಿತು. ಹೀಗಾಗಿ ‘ಹೆತ್ತವರನ್ನು ಬಿಟ್ಟುಹೋದ ಮಕ್ಕಳು’ ಎಂದು ಬೈಯುವವರ ಜೊತೆ ನಾನು ದನಿಗೂಡಿಸಲಾರೆ. ಹೆತ್ತವರ ಪಾಲನೆಗೆ 2007ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ವಿಷಯದಲ್ಲಿ ಅದರಿಂದ ಉಪಯೋಗವಿದೆ. ಆದರೆ ತಿಂಗಳು ತಿಂಗಳು ಹಣ ಕಳಿಸುವ, ದಿನಕ್ಕೆರಡು ಬಾರಿ ಫೋನ್ ಮಾಡುವ ಮಕ್ಕಳಿದ್ದೂ ರಾತ್ರಿ ಎದೆನೋವು ಬಂದಾಗ ಗುಡ್ಡ ಇಳಿಸಲು ಯಾರೂ ಇಲ್ಲದವರಿಗೆ ಆ ಕಾಯ್ದೆ ಏನು ಮಾಡೀತು?

ಹೆಣ್ಣುಮಕ್ಕಳ ಮೇಲೂ ಇಂಥದೇ ಒಂದು ಆರೋಪವಿದೆ. ಹಳ್ಳಿಯ ಗಂಡನ್ನು ಯಾರೂ ಒಪ್ಪುತ್ತಿಲ್ಲ ಎಂಬ ಅಳಲು ಮಲೆನಾಡಿಗೆ ಸೀಮಿತವಾದುದಲ್ಲ. ಮದುವೆಯಾಗದ ಯುವ ರೈತರು 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆಯ ಪಾದಯಾತ್ರೆಯನ್ನೇ ಮಾಡಿದರು. ಅವರ ನೋವನ್ನು ಲೇವಡಿ ಮಾಡುವುದು ಸಲ್ಲದು. ಆದರೆ ಹುಡುಗಿಯರು ಕಂಡದ್ದೇನು? ಕೊಟ್ಟಿಗೆ, ಒಲೆ, ಹತ್ತಾರು ಆಳುಗಳ ಊಟ, ರಾತ್ರಿಯವರೆಗೆ ಅಡಿಕೆ ಸುಲಿತ. ಇಷ್ಟೆಲ್ಲ ಆದ ಮೇಲೂ ಪಹಣಿಯಲ್ಲಿ ಇಲ್ಲದ ತಾಯಿಯ ಹೆಸರು. ‘ನನ್ನ ಬದುಕು ನಿನಗೆ ಬೇಡ’ ಎಂದು ಮಗಳಿಗೆ ಹೇಳಿದವಳು ಆ ತಾಯಿಯೇ. 2011ರ ಗಣತಿಯಲ್ಲಿ ಕೊಡಗು ಮತ್ತು ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆಯೇ ಹೆಚ್ಚಿತ್ತು. ಕೊರತೆ ಹೆಣ್ಣಿನದಲ್ಲ, ಹೆಣ್ಣು ಒಪ್ಪಿ ಬಾಳಬಹುದಾದ ಬದುಕಿನದು.

ಈಗ ಆಡಳಿತದ ಮಾತಿಗೆ ಬರೋಣ. ನಮ್ಮಲ್ಲಿ ಸಾರ್ವಜನಿಕ ಸೌಲಭ್ಯಗಳೆಲ್ಲ ತಲೆ ಎಣಿಕೆಯ ಮೇಲೆ ನಿಂತಿವೆ. ಇಂತಿಷ್ಟು ಮಕ್ಕಳಿದ್ದರೆ ಶಾಲೆ, ಇಂತಿಷ್ಟು ಪ್ರಯಾಣಿಕರಿದ್ದರೆ ಬಸ್ಸು, ಇಂತಿಷ್ಟು ಜನರಿದ್ದರೆ ಆರೋಗ್ಯ ಕೇಂದ್ರ, ಪ್ರತಿ ನಾನೂರು ಜನರಿಗೊಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಬೆಳೆಯುತ್ತಿರುವ ಸಮಾಜಕ್ಕೆ ಇದು ನ್ಯಾಯವಾದ ಅಳತೆ. ಕುಗ್ಗುತ್ತಿರುವ ಊರಿಗೆ ಇದೇ ಅಳತೆ ಶಿಕ್ಷೆಯಾಗುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಶಾಲೆಯನ್ನು ದೂರದ ಇನ್ನೊಂದು ಶಾಲೆಗೆ ಸೇರಿಸುತ್ತಾರೆ. ಶಾಲೆ ಹೋದದ್ದರಿಂದ, ಇದ್ದ ಎರಡು ಎಳೆಯ ಸಂಸಾರಗಳೂ ಪೇಟೆಗೆ ಮನೆ ಬದಲಿಸುತ್ತವೆ. ಅವರು ಹೋದದ್ದರಿಂದ ಬಸ್ಸಿಗೆ ಜನವಿಲ್ಲ. ಬಸ್ಸು ನಿಂತದ್ದರಿಂದ ಆರೋಗ್ಯ ಕೇಂದ್ರಕ್ಕೆ ಹೋಗುವವರಿಲ್ಲ. ಹೋಗುವವರಿಲ್ಲದ ಕೇಂದ್ರಕ್ಕೆ ವೈದ್ಯರನ್ನು ಏಕೆ ಕೊಡಬೇಕೆಂದು ಇಲಾಖೆ ಕೇಳುತ್ತದೆ. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರು ಮಾತ್ರ ಊರಿನಲ್ಲಿ ಉಳಿದಿರುವ ಹೊತ್ತಿನಲ್ಲಿಯೇ ಆರೈಕೆ ದೂರ ಸರಿಯುತ್ತದೆ.

ಬಸ್ಸಿನ ಉದಾಹರಣೆಯನ್ನೇ ನೋಡಿ. ಮಲೆನಾಡಿನ ಒಳದಾರಿಗಳಲ್ಲಿ ಮೊದಲಿನಿಂದಲೂ ಓಡಿದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಕೊಪ್ಪದಲ್ಲಿ ಸಾರಿಗೆ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಮಲೆನಾಡಿಗರ ಹೆಮ್ಮೆಯ ಸಂಸ್ಥೆಯಾಗಿತ್ತು. ಕೆಲವೇ ಬಸ್ಸುಗಳಿಂದ ಆರಂಭಿಸಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆದ ಆ ಸಂಸ್ಥೆ ನಷ್ಟ ತಾಳಲಾರದೆ 2020ರಲ್ಲಿ ಸಂಚಾರ ನಿಲ್ಲಿಸಿತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಸರ್ಕಾರಿ ಬಸ್ಸಿನ ಮುಖವನ್ನೇ ನೋಡದ ಊರಿನ ಹೆಂಗಸಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೇ. ನಮ್ಮೂರಿನ ಒಬ್ಬ ಅಜ್ಜಿ ಹೇಳಿದ ಮಾತು ಇದು: ‘ಬಸ್ಸು ನಿಂತ್ಮೇಲೆ ಕೊಪ್ಪ ದೂರ ಆಯ್ತು ಮಾರಾಯ. ಪೆನ್ಶನ್ ತರಕ್ಕೆ ಹೋದ್ರೆ ಆಟೋದವ್ನಿಗೇ ಅರ್ಧ ಹೋಗ್ತದೆ.’ 2007ರಲ್ಲಿ 400 ರೂಪಾಯಿಯಿಂದ ಆರಂಭವಾದ ಸಂಧ್ಯಾ ಸುರಕ್ಷಾ ಮಾಸಾಶನ ನಂತರದ ವರ್ಷಗಳಲ್ಲಿ 1,200 ರೂಪಾಯಿಗೆ ಏರಿತು. ಆ ಮೊತ್ತದಲ್ಲಿ ಎಷ್ಟು ಭಾಗ ದಾರಿಯಲ್ಲೇ ಕರಗುತ್ತದೆ ಎಂಬುದನ್ನು ಯಾವ ಕಡತವೂ ದಾಖಲಿಸುವುದಿಲ್ಲ. ತೋಟವಿದ್ದವರ ಮಕ್ಕಳು ಕಾರು ಕಳಿಸಿಯಾರು. ಜೀವಮಾನವಿಡೀ ಇನ್ನೊಬ್ಬರ ತೋಟದಲ್ಲಿ ದುಡಿದು ಮುದುಕಾದ ಕೂಲಿಯವರಿಗೆ ಆ ಭಾಗ್ಯವೂ ಇಲ್ಲ.

ತಲೆ ಕಡಿಮೆಯಾದರೆ ದನಿಯೂ ಕುಗ್ಗುತ್ತದೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿ ಜಗತ್ತಿನ ಗಮನ ಸೆಳೆದ ಚಿಕ್ಕಮಗಳೂರು ಕ್ಷೇತ್ರ ಇಂದು ಆ ರೂಪದಲ್ಲಿ ಇಲ್ಲ. 2008ರ ಮರುವಿಂಗಡಣೆಯಲ್ಲಿ ಅದು ಉಡುಪಿ-ಚಿಕ್ಕಮಗಳೂರು ಆಯಿತು. ಘಟ್ಟದ ಮೇಲಿನವರೂ ಕೆಳಗಿನವರೂ ಈಗ ಒಬ್ಬ ಸಂಸದರನ್ನು ಹಂಚಿಕೊಳ್ಳುತ್ತಾರೆ.

ಈ ಅನ್ಯಾಯದ ವಾದ ಕರ್ನಾಟಕಕ್ಕೆ ಹೊಸದೇನಲ್ಲ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ 14ನೇ ಹಣಕಾಸು ಆಯೋಗ ರಾಜ್ಯಕ್ಕೆ ಶೇ 4.713ರ ಪಾಲು ಕೊಟ್ಟಿತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ತಪ್ಪಿಗೆ ದಕ್ಷಿಣದ ರಾಜ್ಯಗಳಿಗೆ ದಂಡ ಏಕೆ ಎಂದು ನಮ್ಮ ಎಲ್ಲ ಪಕ್ಷಗಳ ನಾಯಕರೂ ಒಂದಲ್ಲ ಒಂದು ಸಂದರ್ಭದಲ್ಲಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ದೆಹಲಿಯ ಮುಂದೆ ನಾವು ಯಾವ ಅಳತೆಯನ್ನು ಅನ್ಯಾಯವೆನ್ನುತ್ತೇವೆಯೋ ಅದೇ ಅಳತೆಯನ್ನು ವಿಧಾನಸೌಧ ಮಲೆನಾಡಿನ ಮುಂದೆ ಹಿಡಿಯುತ್ತಿದೆ. ರಾಜ್ಯದೊಳಗೆ ಮೊದಲು ಹೆರಿಗೆ ಕಡಿಮೆ ಮಾಡಿದ, ಮಕ್ಕಳನ್ನು ಓದಿಸಿ ರಾಜಧಾನಿಗೆ ದುಡಿಯುವ ಕೈಗಳನ್ನು ಕಳಿಸಿದ ಸೀಮೆಯ ಶಾಲೆ, ಬಸ್ಸು, ಪಂಚಾಯಿತಿ ಸ್ಥಾನಗಳು ಅದೇ ಕಾರಣಕ್ಕೆ ಕರಗುವುದಾದರೆ, ದೆಹಲಿಯ ಮುಂದೆ ನಾವು ಮಂಡಿಸುವ ವಾದಕ್ಕೆ ಬಲ ಎಲ್ಲಿಂದ ಬಂದೀತು?

ಬೇರೆ ಅಳತೆ ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ನಮ್ಮ ಕಾನೂನುಗಳೇ ಅದನ್ನು ಅಲ್ಲಲ್ಲಿ ಒಪ್ಪಿಕೊಂಡಿವೆ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಬಯಲು ಸೀಮೆಯಲ್ಲಿ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯಿತಿ ಎಂದರೆ, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಜನರಿದ್ದರೂ ಸಾಕೆಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30 ಸಾವಿರ ಜನ ಬೇಕು, ಗುಡ್ಡಗಾಡಿನಲ್ಲಿ 20 ಸಾವಿರ ಸಾಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 500 ಜನರ ಬದಲು 250 ಜನರ ಊರಿಗೂ ರಸ್ತೆ ಕೊಡಬಹುದೆಂದಿತು. ಆದರೆ ಆ ರಿಯಾಯಿತಿ ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳಿಗೆ, ಮರುಭೂಮಿಗೆ, ಬುಡಕಟ್ಟು ಪ್ರದೇಶಗಳಿಗೆ ಸಿಕ್ಕಿತೇ ಹೊರತು ಘಟ್ಟದ ಊರುಗಳಿಗೆ ಸಿಗಲಿಲ್ಲ. ಗುಡ್ಡಗಾಡಿನಲ್ಲಿ ಸಂಖ್ಯೆಗಿಂತ ದೂರ ಮುಖ್ಯ ಎಂಬ ವಿವೇಕ ಈ ನಿಯಮಗಳಲ್ಲಿದೆ. ಅದಕ್ಕೆ ವಯಸ್ಸನ್ನೂ ಸೇರಿಸಬೇಕಾಗಿದೆ.

ಜಪಾನ್ ಈ ಕೆಲಸವನ್ನು ಬಹಳ ಹಿಂದೆಯೇ ಆರಂಭಿಸಿತು. ಜನ ಬರಿದಾಗುತ್ತಿರುವ ಪ್ರದೇಶಗಳಿಗೆಂದೇ ಅಲ್ಲಿ 1970ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಜನಸಂಖ್ಯೆ ಎಷ್ಟು ಇಳಿದಿದೆ, ವೃದ್ಧರ ಪ್ರಮಾಣ ಎಷ್ಟು, ಸ್ಥಳೀಯ ಆಡಳಿತದ ಆದಾಯ ಎಷ್ಟು ಎಂಬುದರ ಮೇಲೆ ಊರುಗಳನ್ನು ಗುರುತಿಸಿ ನೆರವು ಕೊಡುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದ ಊರಿಗೆ ಅಲ್ಲಿನ ಸಮಾಜಶಾಸ್ತ್ರಜ್ಞರು ‘ಅಂಚಿಗೆ ಬಂದ ಊರು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಅಷ್ಟೆಲ್ಲ ಹಣ ಸುರಿದರೂ ಜಪಾನಿಗೆ ತನ್ನ ಹಳ್ಳಿಗಳನ್ನು ಮತ್ತೆ ತುಂಬಿಸಲಾಗಿಲ್ಲ ಎಂಬುದನ್ನೂ ಮರೆಯಬಾರದು. ಹೋದವರನ್ನು ವಾಪಸು ಕರೆತರುವ ಹಂಬಲವನ್ನು ಬದಿಗಿಟ್ಟು, ಇರುವವರ ಬದುಕನ್ನು ಘನತೆಯಿಂದ ನಡೆಸುವತ್ತ ಮೊದಲು ಗಮನ ಕೊಡಬೇಕೆಂಬುದೇ ಅಲ್ಲಿಂದ ಕಲಿಯಬೇಕಾದ ಪಾಠ.

ಇದಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ಒಂದು ನೀತಿ ರೂಪಿಸಿ, ಹಾಸಿಗೆ ಹಿಡಿದವರ ಮನೆಗೇ ದಾದಿ ಹೋಗುವ ವ್ಯವಸ್ಥೆಯನ್ನು ಪಂಚಾಯಿತಿಗಳ ಮೂಲಕ ಕಟ್ಟಿತು. ನಮ್ಮಲ್ಲೂ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ‘ಗೃಹ ಆರೋಗ್ಯ’ ಯೋಜನೆ ಆರಂಭವಾಯಿತು. ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣೆ ಮಾಡುವ ಇಂತಹ ಸೇವೆಗೆ ಒಂಟಿಮನೆಗಳ ಮಲೆನಾಡೇ ಮೊದಲ ಆದ್ಯತೆಯಾಗಬೇಕು. ಮಕ್ಕಳಿಲ್ಲದೆ ಬೀಗ ಬಿದ್ದ ಶಾಲಾ ಕಟ್ಟಡಗಳನ್ನು ಪಾಳು ಬಿಡುವ ಬದಲು ವಾರಕ್ಕೆರಡು ದಿನ ದಾದಿ ಬರುವ, ಮಾಸಾಶನ ಮತ್ತು ಪಡಿತರ ಅಲ್ಲೇ ಸಿಗುವ, ವೃದ್ಧರು ಕೂಡಿ ಕುಳಿತು ಉಣ್ಣುವ ತಾಣಗಳನ್ನಾಗಿ ಮಾಡಬಹುದು. ದೊಡ್ಡ ಬಸ್ಸು ಓಡಿಸಲಾಗದ ದಾರಿಗೆ ಪಂಚಾಯಿತಿಯ ಉಸ್ತುವಾರಿಯಲ್ಲಿ ಒಂದು ಸಣ್ಣ ವಾಹನ ಸಾಕು. ಮಲೆನಾಡು ಪ್ರದೇಶಾಭಿವೃದ್ಧಿಗೆಂದು 1991ರ ಕಾಯ್ದೆಯಂತೆ ಶಿವಮೊಗ್ಗದಲ್ಲಿ ಮಂಡಳಿಯೊಂದಿದೆ. ಕಾಲುಸಂಕ, ರಸ್ತೆಗಳಂಥ ಕಾಮಗಾರಿಗಳ ಜೊತೆಗೆ ಇಂಥ ಸೇವೆಗಳಿಗೂ ಅದು ಹಣ ಕೊಡುವಂತಾಗಲಿ.

ಊರಿಗೆ ಹೊಸಬರು ಬರುವ ದಾರಿಗಳನ್ನೂ ನಾವು ಮುಚ್ಚಿಕೊಂಡಿದ್ದೇವೆ. ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿದ್ದು ಅಂದಿನ ಶೋಷಣೆಗೆ ತಕ್ಕ ಉತ್ತರವಾಗಿತ್ತು. ಇಂದು ಎಪ್ಪತ್ತೈದು ವರ್ಷದ ಸಣ್ಣ ಹಿಡುವಳಿದಾರ, ಭೂಮಿ ಕೈಬಿಟ್ಟೀತೆಂಬ ಭಯದಿಂದ ಗದ್ದೆಯನ್ನು ಹಡ್ಲು ಬಿಡುತ್ತಾನೆ. ಪಕ್ಕದಲ್ಲೇ ಭೂಮಿಯಿಲ್ಲದ ಯುವಕ ಕೆಲಸ ಹುಡುಕಿಕೊಂಡು ಊರು ಬಿಡುತ್ತಾನೆ. ಬಾಯಿಮಾತಿನ ಒಪ್ಪಂದದಲ್ಲಿ ಉಳುವವನಿಗೆ ಬ್ಯಾಂಕಿನ ಸಾಲವೂ ಇಲ್ಲ, ಬೆಳೆ ಪರಿಹಾರವೂ ಇಲ್ಲ. ಇಬ್ಬರ ಹಕ್ಕನ್ನೂ ಕಾಯುವ, ಅವಧಿ ಗೊತ್ತುಪಡಿಸಿದ ಲಿಖಿತ ಗೇಣಿಗೆ ಅವಕಾಶ ಮಾಡಿಕೊಡುವ ಬಗ್ಗೆ ಶಾಸಕರು ಯೋಚಿಸಬೇಕು. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ಬಾಗಿಲು ತೆರೆಯಿತು. ಅದರಿಂದ ಹೋಮ್‌ಸ್ಟೇಗಳು ಹೆಚ್ಚಿಯಾವು, ವಾರಾಂತ್ಯಕ್ಕೆ ಬರುವ ಕಾರುಗಳೂ ಹೆಚ್ಚಿಯಾವು. ಸೋಮವಾರದಿಂದ ಶುಕ್ರವಾರದವರೆಗೆ ಊರಿನಲ್ಲಿ ಬಾಳುವ ಸಂಸಾರಗಳು ಬೇಕಲ್ಲವೇ?

ಅಂಥ ಸಂಸಾರಗಳು ಈಗಾಗಲೇ ಬಂದಿವೆ ಎಂಬುದನ್ನೂ ನಾವು ಕಂಡೂ ಕಾಣದಂತಿದ್ದೇವೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಎಳೆಯ ದಂಪತಿಗಳು, ಪುಟ್ಟ ಮಕ್ಕಳು ಇದ್ದಾರೆ. ಮಲೆನಾಡಿನ ಫಸಲು ಇಂದು ಬಹುಮಟ್ಟಿಗೆ ಅವರ ಕೈಯಲ್ಲಿದೆ. ಅವರನ್ನು ಅನುಮಾನದಿಂದ ನೋಡುವ ನಾವು, ಅವರ ಮಕ್ಕಳನ್ನು ಪ್ರೀತಿಯಿಂದ ಕರೆದು ಕೂರಿಸಿ ಕನ್ನಡ ಕಲಿಸಿದ್ದರೆ ಎಷ್ಟೋ ಶಾಲೆಗಳ ಬಾಗಿಲು ಮುಚ್ಚುವುದು ತಪ್ಪುತ್ತಿತ್ತು.

2020ರ ಲಾಕ್‌ಡೌನ್ ದಿನಗಳಲ್ಲಿ ಬೆಂಗಳೂರಿನಿಂದ ಹಿಂದಿರುಗಿದ ಮಕ್ಕಳಿಂದ ಹಳ್ಳಿಗಳು ಕೆಲಕಾಲ ತುಂಬಿದ್ದವು. ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತವರನ್ನು ನಾವೆಲ್ಲ ಕಂಡೆವು. ಕಚೇರಿಗಳು ತೆರೆದಾಗ ಹೆಚ್ಚಿನವರು ಮರಳಿ ಹೊರಟರು. ಗಟ್ಟಿಯಾದ ಅಂತರ್ಜಾಲ, ನಡೆಯುವ ಶಾಲೆ, ಹತ್ತಿರದಲ್ಲೊಬ್ಬ ವೈದ್ಯ ಇದ್ದಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು. ಅಂದರೆ ವೃದ್ಧರಿಗಾಗಿ ಊರಿನಲ್ಲಿ ಉಳಿಸಬೇಕಾದ ಸೌಲಭ್ಯಗಳೂ ಎಳೆಯರನ್ನು ಕರೆತರಬಲ್ಲ ಸೌಲಭ್ಯಗಳೂ ಬೇರೆ ಬೇರೆಯಲ್ಲ.

2027ರಲ್ಲಿ ಗಣತಿದಾರರು ಮತ್ತೆ ಮನೆಮನೆಗೆ ಬರುತ್ತಾರೆ. ಪ್ರತಿಯೊಬ್ಬರ ವಯಸ್ಸನ್ನೂ ಅವರು ಬರೆದುಕೊಳ್ಳುತ್ತಾರೆ. ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ ಎಂಬುದೂ ಅವರ ಪಟ್ಟಿಗೆ ಸೇರುತ್ತದೆ. ಬೇಕಾದ ಲೆಕ್ಕವೆಲ್ಲ ಸರ್ಕಾರದ ಕೈಗೇ ಬರುತ್ತದೆ. ಆ ಪಟ್ಟಿಯಿಂದ ಒಟ್ಟು ಸಂಖ್ಯೆಯೊಂದನ್ನೇ ಹೆಕ್ಕಿಕೊಂಡು ಶಾಲೆ, ಬಸ್ಸು, ಸ್ಥಾನಗಳನ್ನು ಕಡಿತ ಮಾಡುವುದೋ, ಅಥವಾ ವಯಸ್ಸು ಮತ್ತು ದೂರಗಳನ್ನೂ ಲೆಕ್ಕಕ್ಕೆ ಹಿಡಿದು ಹಂಚಿಕೆಯ ಸೂತ್ರವನ್ನು ತಿದ್ದುವುದೋ ಎಂಬುದನ್ನು ಗಣತಿಯ ಅಂಕಿಗಳು ಬರುವುದಕ್ಕೆ ಮೊದಲೇ ತೀರ್ಮಾನಿಸುವುದು ಒಳ್ಳೆಯದು. ಮುಂದಿನ ರಾಜ್ಯ ಹಣಕಾಸು ಆಯೋಗದ ಪರಿಶೀಲನಾ ಅಂಶಗಳಲ್ಲಿ ಇದನ್ನು ಸೇರಿಸಲು ಸರ್ಕಾರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇಂದು ಮಲೆನಾಡಿಗೆ ಬಂದ ಮುಪ್ಪು ನಾಳೆ ಬಯಲಿಗೂ ಬರಲಿದೆ. 2050ರ ವೇಳೆಗೆ ಐವರು ಭಾರತೀಯರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆಂದು ಅಂದಾಜು. ಘಟ್ಟದ ಊರುಗಳಲ್ಲಿ ಈಗ ಕಲಿಯುವುದು ಆಗ ಇಡೀ ರಾಜ್ಯದ ಉಪಯೋಗಕ್ಕೆ ಬಂದೀತು.